ಮುದ್ದೆಗೆ ಒಪ್ಪುವ ಸಾರು

ಫ್ರಾನ್ಸ್ ದೇಶದ ಬೋರ್ಡೊ ಸೀಮೆಯವರು ತಮ್ಮ ಕೆಂಪು ದ್ರಾಕ್ಷಾಮದ್ಯಕ್ಕೆ ಕುರಿಮರಿಯ ಮಾಂಸವೇ ಒಪ್ಪುವುದೆನ್ನುತ್ತಾರೆ. ಊಟಕ್ಕೆ ತಕ್ಕ ಜೊತೆಯನ್ನು ಅರಸುವ ಈ ವಿವೇಕ ನಮ್ಮ ಹೊಸೂರು ಸೀಮೆಗೂ ಹೊಸದಲ್ಲ. ಇಲ್ಲಿನ ಪ್ರಶ್ನೆ, ರಾಗಿಮುದ್ದೆಗೆ ಯಾವ ಸಾರು ಎಂಬುದು.

ಹೊಸೂರಿನಿಂದ ತಳಿ, ಡೆಂಕಣಿಕೋಟೆಗಳ ಕಡೆಗೆ ಹೊರಟರೆ ಮಳೆಯನ್ನೇ ನಂಬಿದ ಕೆಮ್ಮಣ್ಣಿನ ಹೊಲಗಳು ಎದುರಾಗುತ್ತವೆ. ರಾಗಿಯ ನಡುವೆ ಅವರೆಯನ್ನು ಅಕ್ಕಡಿ ಸಾಲಾಗಿ ಬಿತ್ತುವುದು ಹಿಂದಿನಿಂದ ಬಂದ ಪದ್ಧತಿ. ರಾಗಿಯ ಕೊಯ್ಲು ಮುಗಿದ ಮೇಲೆ ಅವರೆಯ ಸೊಗಡು ಏರುತ್ತದೆ. ಹೊಲದಲ್ಲಿ ಕೂಡಿ ಬೆಳೆದವು ತಟ್ಟೆಯಲ್ಲಿಯೂ ಕೂಡುತ್ತವೆ. ಧನುರ್ಮಾಸದಲ್ಲಿ ಹಿದುಕಿದ ಬೇಳೆಯ ಸಾರು, ಮಳೆಗಾಲದಲ್ಲಿ ಮಸ್ಸೊಪ್ಪು, ಉಳಿದ ದಿನಗಳಲ್ಲಿ ಹುರುಳಿಯ ಬಸ್ಸಾರು. ಮುದ್ದೆಯ ರುಚಿ ಸೌಮ್ಯವಾದುದು. ಅಗಿಯದೆ ನುಂಗುವ ತುತ್ತಿಗೆ ಖಾರವೂ ಹುಳಿಯೂ ಸಾರಿನಿಂದಲೇ ಒದಗಬೇಕು.

1956ರ ರಾಜ್ಯ ಪುನರ್ವಿಂಗಡಣೆಯಲ್ಲಿ, ಅಂದು ಸೇಲಂ ಜಿಲ್ಲೆಗೆ ಸೇರಿದ್ದ ಹೊಸೂರು ಮದರಾಸು ರಾಜ್ಯದಲ್ಲಿಯೇ ಉಳಿಯಿತು. ನಮ್ಮ ಮುದ್ದೆಯನ್ನು ನೆರೆಯ ತಮಿಳರು ಕಳಿ ಎನ್ನುತ್ತಾರೆ, ತೆಲುಗರು ಸಂಗಟಿ ಎನ್ನುತ್ತಾರೆ. ಮೂರು ಹೆಸರುಗಳನ್ನೂ ನಮ್ಮ ಮಕ್ಕಳು ಅರಿಯಲಿ. ಆದರೆ ಅಕ್ಕಡಿ, ಹಿದುಕು, ಬಸಿ ಎಂಬ ಮಾತುಗಳನ್ನು ಅವರಿಗೆ ಕಲಿಸಬೇಕಾದ ಶಾಲೆ ಅಡುಗೆಮನೆಯೇ. ಈ ಸುಗ್ಗಿಯಲ್ಲಿ ಅಜ್ಜಿಯೊಡನೆ ಕುಳಿತು ಅವರೆ ಸುಲಿಯಲು ಅವರನ್ನೂ ಕರೆಯೋಣ.