ಮುಟ್ಟಿ ನೋಡಬಹುದಾದ ಶಿಲ್ಪಗಳು

‘ಮುಟ್ಟಬೇಡಿ’ – ವಸ್ತುಸಂಗ್ರಹಾಲಯಕ್ಕೆ ಹೋದ ಮಕ್ಕಳು ಮೊದಲು ಕಲಿಯುವ ಪಾಠವಿದು. ಶಿಲ್ಪಗಳು ಸವೆಯದಿರಲು ಆ ನಿಯಮ ಬೇಕು, ನಿಜ. ಆದರೆ ಬೆರಳುಗಳಿಂದಲೇ ನೋಡುವ ಅಂಧರಿಗೆ ಅದು ಮುಚ್ಚಿದ ಬಾಗಿಲೇ ಸರಿ.

ದೆಹಲಿಯ ಜನಪಥದಲ್ಲಿರುವ ರಾಷ್ಟ್ರೀಯ ವಸ್ತುಸಂಗ್ರಹಾಲಯ 2015ರ ಡಿಸೆಂಬರ್‌ನಲ್ಲಿ ಈ ಬಾಗಿಲನ್ನು ತೆರೆಯಿತು. ‘ಅನುಭವ್’ ಎಂಬ ಗ್ಯಾಲರಿಯಲ್ಲಿ ತನ್ನ ಸಂಗ್ರಹದ 22 ವಸ್ತುಗಳ ಪ್ರತಿಕೃತಿಗಳನ್ನು ಮುಟ್ಟಿ ನೋಡಲೆಂದೇ ಇರಿಸಿತು. ಓದಲು ಬ್ರೈಲ್ ವಿವರಣೆ, ಕೇಳಲು ಧ್ವನಿಮುದ್ರಿತ ಮಾಹಿತಿ. ಮೂಲ ಶಿಲ್ಪಕ್ಕೆ ಧಕ್ಕೆಯಿಲ್ಲ, ಮಕ್ಕಳ ಕುತೂಹಲಕ್ಕೆ ತಡೆಯಿಲ್ಲ.

ಕಲೆ ಅಂಗವಿಕಲರಿಗೂ ಎಟುಕುವಂತಿರಬೇಕೆಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೂ ಹೇಳುತ್ತದೆ. ಶಾಲಾ ಪ್ರವಾಸದ ಪಟ್ಟಿಯಿಂದ ಕಣ್ಣು ಕಾಣದ ಮಗುವಿನ ಹೆಸರನ್ನು ಕೈಬಿಡುವ ಮುನ್ನ ಮೇಷ್ಟ್ರೂ ತಂದೆತಾಯಿಯೂ ಒಂದು ಮಾತು ವಿಚಾರಿಸಲಿ: ಅಲ್ಲಿ ಮುಟ್ಟಿ ನೋಡಲು ಏನೇನಿದೆ?