ಹಾವೇರಿಯಿಂದ ರಾಣೆಬೆನ್ನೂರಿಗೆ ಆಕಾಶಮಾರ್ಗ

ಹಾವೇರಿಯಿಂದ ರಾಣೆಬೆನ್ನೂರಿಗೆ ಆಕಾಶಮಾರ್ಗದಲ್ಲಿ ದೂರವೆಷ್ಟು, ವಿಮಾನಕ್ಕೆ ಎಷ್ಟು ಹೊತ್ತು ಹಿಡಿಯುವುದು ಎಂದು ಗಣಕಯಂತ್ರವನ್ನು ಕೇಳಿದರೆ ಅದು ತಡವರಿಸದೆ ಉತ್ತರ ಕೊಡುವುದು. ಭೂಪಟದಲ್ಲಿ ನೆಟ್ಟನೆಯ ಗೆರೆಯೊಂದನ್ನೆಳೆದು, ಬಂದ ಸುಮಾರು 30 ಕಿಲೋಮೀಟರನ್ನು ವಿಮಾನದ ವೇಗದಿಂದ ಭಾಗಿಸುವುದಷ್ಟೇ ಅದರ ಕೆಲಸ. ಗಂಟೆಗೆ 800 ಕಿಲೋಮೀಟರು ಹಿಡಿದರೆ ಎರಡೂಕಾಲು ನಿಮಿಷ! ವೀಳ್ಯ ಹಾಕಿಕೊಳ್ಳುವವನು ಎಲೆಗೆ ಸುಣ್ಣ ಸವರುವಷ್ಟರಲ್ಲಿ ಊರು ಬಂದಿತು. ಗಣಿತದಲ್ಲಿ ತಪ್ಪಿಲ್ಲ. ಆದರೆ ಹಾವೇರಿಯಲ್ಲಿ ಏರುವುದಕ್ಕೆ ವಿಮಾನನಿಲ್ದಾಣವಿಲ್ಲ, ರಾಣೆಬೆನ್ನೂರಿನಲ್ಲಿ ಇಳಿಯುವುದಕ್ಕೂ ಇಲ್ಲ.

ಹಾವೇರಿಯವರು ಹಾರಬೇಕೆಂದರೆ ವಾಯವ್ಯಕ್ಕೆ ಎಪ್ಪತ್ತು ಕಿಲೋಮೀಟರಿಗೂ ಮಿಗಿಲಾಗಿ ನಡೆದು ಹುಬ್ಬಳ್ಳಿಯನ್ನು ಸೇರಬೇಕು. ರಾಣೆಬೆನ್ನೂರಿನ ಗೃಹಸ್ಥನು ಅಲ್ಲಿಂದ ಬೆಂಗಳೂರಿಗೆ ಹಾರಬೇಕಾದರೆ, ಮೊದಲು ಬೆಂಗಳೂರಿಗೆ ಬೆನ್ನುಮಾಡಿ ನೂರು ಕಿಲೋಮೀಟರು ಹಿಂದೆ ಸರಿಯಬೇಕು; ಅಷ್ಟರಲ್ಲಿ ಅವನ ನೆರೆಮನೆಯವನು ಮೋಟಾರಿನಲ್ಲಿ ಚಿತ್ರದುರ್ಗದ ಕೋಟೆಯನ್ನು ಕಂಡಿರುವನು. 2023ರಲ್ಲಿ ಶಿವಮೊಗ್ಗದಲ್ಲಿ ನಿಲ್ದಾಣ ತೆರೆದ ಮೇಲೆ ಅವನಿಗೆ ಇನ್ನೊಂದು ದಾರಿಯಾಯಿತು, ನಿಜ. ಅಲ್ಲಿಗೂ ನೆಲದ ಪ್ರಯಾಣ ತಪ್ಪಿದ್ದಲ್ಲ.

ನೆಲದ ಮೇಲಿನ ಹೆದ್ದಾರಿಯು ಈ ಎರಡು ಊರುಗಳ ನಡುವೆ ಮೋಟೆಬೆನ್ನೂರನ್ನು ಹಾಯ್ದು ಹೋಗುವುದು. ಈ ಊರಿನ ಮೈಲಾರ ಮಹಾದೇವನು 1930ರಲ್ಲಿ ಗಾಂಧೀಜಿಯವರ ಸಂಗಡ ಸಾಬರಮತಿಯಿಂದ ದಂಡಿಯವರೆಗೆ 24 ದಿನ ನಡೆದವನು. ಸುಮಾರು 385 ಕಿಲೋಮೀಟರಿನ ಆ ದಾರಿಯನ್ನು ವಿಮಾನದ ನಿಮಿಷಗಳಲ್ಲಿ ಎಣಿಸುವ ಬುದ್ಧಿ ಯಾರಿಗೂ ಹುಟ್ಟಲಾರದು.

ಮೋಟೆಬೆನ್ನೂರಿನಲ್ಲಿ ಹೆದ್ದಾರಿಯನ್ನು ಬಿಟ್ಟು ತಿರುಗಿದರೆ ಬ್ಯಾಡಗಿ. ಸುಗ್ಗಿಯ ಕಾಲದಲ್ಲಿ ದೂರವೆಂಬುದರ ನಿಜವಾದ ತೂಕ ತಿಳಿಯುವುದು ಇಲ್ಲಿಯೇ. ಸುಕ್ಕುಗಟ್ಟಿದ ಮೈ, ಕಡುಗೆಂಪು ಬಣ್ಣ, ಕಡಿಮೆ ಖಾರ. ಈ ಗುಣಗಳಿಂದ ಹೆಸರಾಗಿ 2011ರಲ್ಲಿ ಭೌಗೋಳಿಕ ಗುರುತನ್ನು ಪಡೆದ ಮೆಣಸಿನಕಾಯಿಯ ಪೇಟೆಗೆ ಹಾವೇರಿ ಸೀಮೆಯವರು ಮಾತ್ರವಲ್ಲ, ಬಳ್ಳಾರಿ, ರಾಯಚೂರುಗಳ ರೈತರೂ ಆಂಧ್ರದವರೂ ಚೀಲಗಳನ್ನು ಹೇರಿಕೊಂಡು ಬರುವರು. ಲಾರಿಯ ಬಾಡಿಗೆ, ಹಮಾಲಿ, ರಾತ್ರಿಯ ನಿದ್ದೆ, ಎಲ್ಲವೂ ಮಾರುವ ಮುನ್ನವೇ ಖರ್ಚಾಗಿರುವುವು. ವ್ಯಾಪಾರಿಯು ಕೂಗಿದ ದರವು ಒಗ್ಗದಿದ್ದರೆ ಹತ್ತಿರದವನು ಕಾಯಿಯನ್ನು ಮನೆಗೆ ತಿರುಗಿ ಒಯ್ಯಬಲ್ಲನು. ದೂರದವನು ಒಯ್ದರೆ ಬಾಡಿಗೆ ಇಮ್ಮಡಿಯಾಗುವುದು. ಕೊಳ್ಳುವವನಿಗೆ ಈ ಸಂಗತಿ ಚೆನ್ನಾಗಿ ಗೊತ್ತು.

2024ರ ಮಾರ್ಚ್ 11ರಂದು ದರ ಕುಸಿದಾಗ ರೊಚ್ಚಿಗೆದ್ದವರು ಮಾರುಕಟ್ಟೆಯ ಕಚೇರಿಗೆ ನುಗ್ಗಿದರು, ವಾಹನಗಳು ಸುಟ್ಟವು. ಬೆಂಕಿಯಿಡುವುದನ್ನು ಯಾರೂ ಒಪ್ಪಲಾರರು. ಆದರೂ ಹೊಟ್ಟೆಯೊಳಗಿನ ಆ ಕಿಚ್ಚಿಗೆ ದರವೊಂದೇ ಕಾರಣವಲ್ಲ, ತಿರುಗಿ ಹೋಗಬೇಕಾದ ದಾರಿಯೂ ಕಾರಣವೆಂದರೆ ತಪ್ಪಾಗದು.

ಬ್ಯಾಡಗಿಯಲ್ಲಿ ಶೀತಲಗೃಹಗಳಿವೆ. ಒಳ್ಳೆಯ ದರ ಬರುವವರೆಗೆ ಕಾಯಿಯನ್ನು ಅಲ್ಲಿಟ್ಟು ಕಾಯಬಹುದು. ಕೈಗಡ ತಂದು ಬೆಳೆದವನಿಗೆ ಆ ಸೌಕರ್ಯವೆಲ್ಲಿಯದು? ಅವನು ಸಂಜೆಯೊಳಗೆ ಸಿಕ್ಕಿದ ದರಕ್ಕೆ ಮಾರಿ, ಬರಿದಾದ ಲಾರಿಯಲ್ಲಿ ಚಾಲಕನ ಪಕ್ಕದಲ್ಲಿ ಕುಳಿತು ಊರಿಗೆ ಹೊರಡುವನು.