ಗೋಡಾವಣದ ನಾಡಿನಲ್ಲಿ ಭಾದ್ರಪದ

ಎರೆಹೊಲಗಳಲ್ಲಿ ಸಂಚರಿಸುವುದರಿಂದ ಕನ್ನಡದಲ್ಲಿ ಎರೆಭೂತವೆನಿಸಿಕೊಂಡ, ನಮ್ಮ ಸೋಲಾಪುರ ಸೀಮೆಯ ಮರಾಠಿಗರು ಮಾಳಢೋಕವೆನ್ನುವ ಹಕ್ಕಿಗೆ ಥಾರ್ ಮರುಭೂಮಿಯ ಜನ ಗೋಡಾವಣವೆನ್ನುತ್ತಾರೆ. ರಾಜಸ್ಥಾನದ ರಾಜ್ಯಪಕ್ಷಿ ಅದು. ನಮ್ಮ ಜಿಲ್ಲೆಯ ನಾನ್ನಜ ಅಭಯಾರಣ್ಯವು ಹುಟ್ಟಿದ್ದೇ ಆ ಹಕ್ಕಿಗಾಗಿ. ಈಗ ಅಲ್ಲಿ ಒಂದು ಕಂಡರೆ ಅದೇ ದೊಡ್ಡ ಸುದ್ದಿ. ಆದಕಾರಣ 2024ರ ಸೆಪ್ಟೆಂಬರಿನಲ್ಲಿ, ನ್ಯಾಯಾಲಯದ ಕೆಲಸಕ್ಕೆ ನಾಲ್ಕು ದಿನ ಬಿಡುವು ಮಾಡಿಕೊಂಡು, ಸಾವಿರಕ್ಕೂ ಮಿಕ್ಕಿದ ಕಿಲೋಮೀಟರು ದೂರದ ಜೈಸಲ್ಮೇರಿಗೆ ಹೋದೆನು.

ಮರಳಿನ ದಿಬ್ಬಗಳನ್ನು ನಿರೀಕ್ಷಿಸಿದ್ದ ನನಗೆ ಮೊದಲು ಕಂಡದ್ದು ಹುಲ್ಲು. ಸಮ್ ಗ್ರಾಮದ ದಾರಿಯ ಇಕ್ಕೆಲಗಳಲ್ಲಿಯೂ ಸೇವಣ ಹುಲ್ಲು ಮೊಣಕಾಲೆತ್ತರಕ್ಕೆ ಬೆಳೆದು ಗಾಳಿಗೆ ಬಾಗುತ್ತಿತ್ತು. ಇಲ್ಲಿನ ವಾರ್ಷಿಕ ಮಳೆ ಸುಮಾರು 200 ಮಿ.ಮೀ. ಮಾತ್ರ. ಬರಗಾಲದ ಸೀಮೆಯೆಂದು ನಾವು ಗೊಣಗುವ ನಮ್ಮೂರಿನಲ್ಲಿ ಅದರ ಎರಡು ಪಟ್ಟಿಗೂ ಹೆಚ್ಚು ಬೀಳುತ್ತದೆ. ಆ ವರ್ಷ ರಾಜಸ್ಥಾನದಲ್ಲಿ ಮಳೆ ಧಾರಾಳವಾಗಿತ್ತು. ಜುಲೈಯಲ್ಲಿ ಬಂದು ಸೆಪ್ಟೆಂಬರಿನ ನಡುವೆಯೇ ಹಿಂದಿರುಗತೊಡಗುವ ಮಳೆಗಾಲದ ಆ ಕೆಲವು ವಾರಗಳಲ್ಲಿಯೇ ಬೀಜ ಮೊಳೆಯಬೇಕು, ಮಿಡತೆ ಹುಟ್ಟಬೇಕು, ಮಿಡತೆಯನ್ನು ತಿನ್ನುವ ಹಕ್ಕಿ ಮರಿ ಮಾಡಬೇಕು.

ಹುಲ್ಲಿನ ನಡುವೆ ಅಲ್ಲಲ್ಲಿ ಖೇಜಡಿ. ಹತ್ತಿರ ಹೋಗಿ ನೋಡಿದರೆ ನಮ್ಮ ಬನ್ನಿಯೇ! ದಸರೆಯಲ್ಲಿ ಬಂಗಾರವೆಂದು ನಾವು ಹಂಚಿಕೊಳ್ಳುವ ಎಲೆ ಅಲ್ಲಿ ಮೇಕೆ ಒಂಟೆಗಳ ಮೇವು. ಅದರ ಕಾಯಿ ಸಾಂಗರಿ, ಮನೆಮನೆಯ ಪಲ್ಯ. ನೆಲದ ಆಳಕ್ಕೆ ಬೇರಿಳಿಸುವ ಈ ಮರವು ಉಳಿದೆಲ್ಲವೂ ಬಾಡಿದ ಬೇಸಗೆಯಲ್ಲಿ ಹೊಸ ಚಿಗುರು ತೊಡುತ್ತದೆ. 1730ರಲ್ಲಿ ಜೋಧಪುರದ ಬಳಿಯ ಖೇಜಡಲಿಯಲ್ಲಿ ಈ ಮರಗಳನ್ನು ಅಪ್ಪಿಕೊಂಡು 363 ಮಂದಿ ಬಿಷ್ಣೋಯಿಗಳು ಪ್ರಾಣ ತೆತ್ತರು. ಬನ್ನಿ ಮುಡಿಯುವಾಗ ನಾವು ಪಾಂಡವರನ್ನು ನೆನೆಯುತ್ತೇವೆ; ಇವರನ್ನು ನೆನೆಯುವುದಿಲ್ಲ.

ನನಗೆ ದಾರಿ ತೋರಿಸಿದವನು ಒಬ್ಬ ವೃದ್ಧ ಕುರಿಗಾಹಿ. ಜ್ಯೇಷ್ಠಮಾಸದಲ್ಲಿ ಬಂದಿದ್ದರೆ ಏನು ನೋಡುತ್ತಿದ್ದೆನೆಂದು ಕೇಳಿದೆ. “ಏನೂ ಇಲ್ಲ, ಎಲ್ಲರೂ ಇರುತ್ತಾರೆ” ಎಂದನು. 2016ರ ಮೇ 19ರಂದು ಇಲ್ಲಿಗೆ ಪೂರ್ವದ ಫಲೋದಿಯಲ್ಲಿ ಉಷ್ಣತೆ 51 ಡಿಗ್ರಿ ಮುಟ್ಟಿತ್ತು. ಅಂಥ ದಿನಗಳಲ್ಲಿ ಮುಳ್ಳುಬಾಲದ ಸಾಂಡಾ ಹಲ್ಲಿ ಬಿಲದೊಳಗೆ ತಂಪು ಹುಡುಕುತ್ತದೆ. ಚಳಿಗಾಲದಲ್ಲಾದರೋ ಅದೇ ಬಿಲದ ಬಾಯಿಗೆ ಮಣ್ಣು ಮುಚ್ಚಿ ಮಲಗುತ್ತದೆ. ಚಿಂಕಾರವು ನೀರನ್ನೇ ಕಾಣದೆ, ಎಲೆಯ ಹಸಿಯನ್ನೂ ಬೆಳಗಿನ ಇಬ್ಬನಿಯನ್ನೂ ನಂಬಿ ಬಹುದಿನ ಬಾಳುತ್ತದೆ. ಮರಿಗಳಿಗೆ ನೀರು ತರುವ ಗಂಡು ಮರಳುಗೌಜಲು ಕೊಡವನ್ನು ಹೊತ್ತಿರುವುದು ತನ್ನ ಹೊಟ್ಟೆಯ ಗರಿಗಳಲ್ಲಿ.

ಸುದಾಸರಿಯ ಬಳಿ, ಎರಡನೆಯ ದಿನ ಮುಂಜಾನೆ, ಕುರಿಗಾಹಿ ನನ್ನ ತೋಳು ಹಿಡಿದು ನಿಲ್ಲಿಸಿದನು. ಹುಲ್ಲಿನ ಮೇಲೆ ಬಿಳಿಯ ಕೊರಳೊಂದು, ಅದರ ಮೇಲೆ ಕಪ್ಪು ಟೊಪ್ಪಿಗೆ. ಸುಮಾರು 1 ಮೀಟರು ಎತ್ತರಕ್ಕೆ ನಿಲ್ಲುವ, 15 ಕಿಲೋದವರೆಗೂ ತೂಗಬಲ್ಲ ಈ ಹಕ್ಕಿಯದು ಓಟವಲ್ಲ, ಊರಗೌಡನ ನಡಿಗೆ. ನಿಂತಿತು, ಏನನ್ನೋ ಕುಕ್ಕಿತು, ಮತ್ತೆ ನಡೆಯಿತು. ಐದು ನಿಮಿಷವಿರಬಹುದು. ಬರಿಯ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆಯಿಟ್ಟು ಸಾಗುವ ವಂಶವಿದು. ಅದರ ಕಣ್ಣು ನೆಲವನ್ನೂ ಪಕ್ಕವನ್ನೂ ಚೆನ್ನಾಗಿ ಕಾಣುತ್ತದೆ, ನೇರ ಮುಂದಿನದನ್ನಲ್ಲ. ಮುಂದಿರುವುದು ವಿದ್ಯುತ್ ತಂತಿ.

ಬಿಸಿಲು ಗಾಳಿಗಳೇ ಬೆಳೆಯಾದ ಈ ನಾಡಿನಲ್ಲಿ ಸೌರಫಲಕಗಳೂ ಗಾಳಿಗಿರಣಿಗಳೂ ತುಂಬಿವೆ. ತಂತಿಗಳನ್ನು ಸಾಧ್ಯವಿದ್ದಲ್ಲಿ ನೆಲದೊಳಗೆ ಹೂಳಬೇಕೆಂದು ರಂಜಿತ್‌ಸಿಂಹ ಅವರ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯವು 2021ರ ಏಪ್ರಿಲ್ 19ರಂದು ಆದೇಶಿಸಿತು. 2024ರ ಮಾರ್ಚ್ 21ರಂದು ಅದೇ ಪ್ರಕರಣದಲ್ಲಿ ಆ ಆದೇಶವನ್ನು ಸಡಿಲಿಸಿ ವಿಷಯವನ್ನು ತಜ್ಞರ ಸಮಿತಿಗೆ ಒಪ್ಪಿಸಿತು; ಹವಾಮಾನ ಬದಲಾವಣೆಯ ದುಷ್ಪರಿಣಾಮಗಳಿಂದ ರಕ್ಷಣೆಯು ಸಂವಿಧಾನದ 14 ಮತ್ತು 21ನೆಯ ಅನುಚ್ಛೇದಗಳಲ್ಲಿ ಅಡಗಿರುವ ಹಕ್ಕೆಂದು ಸಾರಿದ್ದೂ ಆ ತೀರ್ಪಿನಲ್ಲಿಯೇ. ವಕೀಲನಾಗಿ ಅದನ್ನು ಮೆಚ್ಚಿ ಓದಿದ್ದೆನು. ಸುದಾಸರಿಯಿಂದ ಹಿಂದಿರುಗುವಾಗ ತಂತಿಗಳ ಕೆಳಗೆ ನಿಂತು ಅದೇ ತೀರ್ಪನ್ನು ನೆನೆದರೆ ಮೆಚ್ಚುಗೆ ಅಷ್ಟು ಸುಲಭವಾಗಲಿಲ್ಲ.

ನಾನೇನೂ ಹೊರಗಿನವನಲ್ಲ. 1979ರಲ್ಲಿ ಘೋಷಿತವಾದ ನಮ್ಮ ಅಭಯಾರಣ್ಯವು ಕಾಗದದ ಮೇಲೆ 8,496 ಚದರ ಕಿಲೋಮೀಟರು ಹರಡಿ, ಊರುಗಳನ್ನೂ ಹೊಲಗಳನ್ನೂ ನುಂಗಿತ್ತು. ಜಮೀನು ಮಾರಲು ತೊಡಕು, ಕಟ್ಟಡ ಕಟ್ಟಲು ತೊಡಕು. ವಕೀಲಿಯ ಆರಂಭದ ವರ್ಷಗಳಲ್ಲಿ ಅಂಥ ರೈತರ ಪರವಾಗಿ ಎಷ್ಟೋ ಅರ್ಜಿಗಳನ್ನು ಬರೆದುಕೊಟ್ಟಿದ್ದೇನೆ. “ಸದರಿ ಭೂಮಿಯು ಬರಿಯ ಮಾಳ, ಯಾವ ವನ್ಯಜೀವಿಯೂ ಇಲ್ಲ” ಎಂಬುದು ನನ್ನದೇ ವಾಕ್ಯ. ಮುಂದೆ ಅಭಯಾರಣ್ಯದ ಎಲ್ಲೆ ಬಹಳ ಕಿರಿದಾಯಿತು. ರೈತರ ಕಷ್ಟ ನಿಜವಾಗಿತ್ತು. ಇಂದಿಗೂ ಆ ಅರ್ಜಿಗಳನ್ನು ಬರೆಯಲಾರೆನೆಂದು ಹೇಳಲಾರೆ. ಆದರೆ ಆ ವಾಕ್ಯವನ್ನು ಬರೆಯುವ ಮೊದಲು ಒಂದು ದಿನವೂ ಮಾಳಕ್ಕೆ ಹೋಗಿ ನೋಡಿರಲಿಲ್ಲ.

ಬೀಳ್ಕೊಳ್ಳುವಾಗ ಕುರಿಗಾಹಿ ನಮ್ಮ ಸೀಮೆಯಲ್ಲಿ ಮಳೆಯೆಷ್ಟು ಎಂದು ಕೇಳಿದನು. ಹೇಳಿದೆನು. ಅಷ್ಟೊಂದು ನೀರು ಬೀಳುವಲ್ಲಿ ಗೋಡಾವಣಗಳು ಬಹಳವಿರಬೇಕಲ್ಲವೇ ಎಂದನು.

ನಾನು ಬಾಡಿಗೆಯ ಹಣವನ್ನು ಎಣಿಸತೊಡಗಿದೆನು.